ಮೋಟಾರ್ ಬೋಟ್ ಎಂಜಿನ್ ಗೇಜ್ ಓದುವುದು ಹೇಗೆ? ಅಲಾರಂ ಬಡಿಯುವ ಮೊದಲೇ ಮುಳ್ಳು ಕೊಡುವ ಎಚ್ಚರಿಕೆಗಳಿವು

ಪುಣೆ: ಕಾರಿನ ಎಂಜಿನ್ ಬಿಸಿಯಾದರೆ ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಬಹುದು, ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು. ಜಲಾಶಯದ ನಡುವೆ ಬೋಟ್‌ನ ಎಂಜಿನ್ ನಿಂತರೆ ಈ ಎರಡಕ್ಕೂ ದಾರಿಯಿಲ್ಲ. ಎಂಜಿನ್ ನಿಂತ ಬೋಟ್‌ಗೆ ಚುಕ್ಕಾಣಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದು ನಿಧಾನವಾಗಿ ತಿರುಗಿ ಗಾಳಿಗೆ ಮತ್ತು ಅಲೆಗೆ ಅಡ್ಡಲಾಗಿ ನಿಲ್ಲುತ್ತದೆ. ಜನ ತುಂಬಿದ ಚಿಕ್ಕ ಬೋಟ್‌ಗೆ ಅದಕ್ಕಿಂತ ಅಪಾಯದ ಸ್ಥಿತಿ ಮತ್ತೊಂದಿಲ್ಲ.

2024ರ ಮೇ 21ರಂದು ಉಜನಿ ಜಲಾಶಯದ ಹಿನ್ನೀರಿನಲ್ಲಿ ನಡೆದ ದುರಂತ ಹಲವರಿಗೆ ನೆನಪಿರಬಹುದು. ಸೊಲ್ಲಾಪುರ ಜಿಲ್ಲೆಯ ಕುಗಾಂವ್‌ನಿಂದ ಪುಣೆ ಜಿಲ್ಲೆಯ ಕಳಾಶಿಗೆ ಹೊರಟಿದ್ದ ಪ್ರಯಾಣಿಕರ ಬೋಟ್ ಬಿರುಗಾಳಿಗೆ ಸಿಕ್ಕಿ ಮಗುಚಿ ಆರು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಕಾರಣವಾಗಿದ್ದು ಗಾಳಿ, ಎಂಜಿನ್ ಅಲ್ಲ. ಆದರೆ ಒಳನಾಡಿನ ನೀರು ಎಷ್ಟು ಬೇಗ ಸಮುದ್ರದಂತೆ ಆಗಬಲ್ಲದು ಎಂಬುದನ್ನು ಆ ಘಟನೆ ತೋರಿಸಿತು. ಅಂಥ ಗಾಳಿ ಎದ್ದಾಗ ದಡ ಸೇರಿಸಬೇಕಾದದ್ದು ಎಂಜಿನ್. ಅದು ಆಗ ಕೈಕೊಡದಂತೆ ನೋಡಿಕೊಳ್ಳುವ ಸುಲಭದ ಸಾಧನ ಎಂದರೆ ಚುಕ್ಕಾಣಿಯ ಮುಂದಿರುವ ನಾಲ್ಕೈದು ಗೇಜ್‌ಗಳು.

ಈ ಗೇಜ್‌ಗಳು ಏನು ಹೇಳುತ್ತವೆ? ಮುಳ್ಳು ಎಲ್ಲಿದ್ದರೆ ಸರಿ, ಎಲ್ಲಿಗೆ ಹೋದರೆ ತಪ್ಪು? ಯಾವುದಕ್ಕೆ ಎಂಜಿನ್ ತಕ್ಷಣ ನಿಲ್ಲಿಸಬೇಕು, ಯಾವುದಕ್ಕೆ ನಿಲ್ಲಿಸಲೇಬಾರದು? ಇಲ್ಲಿದೆ ಪೂರ್ಣ ಮಾಹಿತಿ.

ಪುಣೆಗೂ ಬೋಟ್ ಎಂಜಿನ್‌ಗೂ ಏನು ನಂಟು?

ಸಮುದ್ರವಿಲ್ಲದ ಊರಿನಲ್ಲಿ ಬೋಟ್ ಎಂಜಿನ್ ಮಾತೇಕೆ ಎಂದು ಕೇಳಬಹುದು. ಆದರೆ ಪುಣೆಯ ಸುತ್ತ ನೀರಿಗೆ ಬರವಿಲ್ಲ. ಖಡಕ್‌ವಾಸ್ಲಾ, ಪಾನಶೆತ್, ವರಸಗಾಂವ್, ಪವನಾ, ಮುಳಶಿ ಹೀಗೆ ಜಲಾಶಯಗಳ ಸಾಲೇ ಇದೆ. ಪಾನಶೆತ್ ಮತ್ತು ಪವನಾ ಹಿನ್ನೀರಿಗೆ ವಾರಾಂತ್ಯದಲ್ಲಿ ಬೋಟ್ ಸವಾರಿಗೆಂದೇ ಜನ ಹೋಗುತ್ತಾರೆ. ಖಡಕ್‌ವಾಸ್ಲಾ ಜಲಾಶಯದ ಪೀಕಾಕ್ ಬೇಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ಜಲ ತರಬೇತಿ ಪಡೆಯುತ್ತಾರೆ. ನೌಕಾಪಡೆಗೆ ಎಂಜಿನ್ ವಿದ್ಯೆ ಕಲಿಸುವ ಐಎನ್‌ಎಸ್ ಶಿವಾಜಿ ಇರುವುದೂ ಇದೇ ಜಿಲ್ಲೆಯ ಲೋಣಾವಳದಲ್ಲಿ, 1945ರಿಂದ.

ಎಂಜಿನ್ ತಯಾರಿಕೆಯಲ್ಲೂ ಪುಣೆಗೆ ದೊಡ್ಡ ಹೆಸರು. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಇಲ್ಲಿ ಆರಂಭವಾಯಿತು. ಕಮಿನ್ಸ್ ಇಂಡಿಯಾ 1962ರಲ್ಲಿ ಬಂತು. ಎರಡೂ ಕಂಪನಿಗಳು ಬೋಟ್‌ಗಳಿಗೂ ಡೀಸೆಲ್ ಎಂಜಿನ್ ಮಾಡುತ್ತವೆ. ಕಿರ್ಲೋಸ್ಕರ್ ಉದ್ಯಮ ಸಮೂಹದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲ ವ್ಯಾಪಾರ ಆರಂಭಿಸಿದ್ದು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ.

ನೀರಿನ ನಂಟು ಕೂಡ ಕರ್ನಾಟಕದವರೆಗೆ ಬರುತ್ತದೆ. ಪುಣೆಯ ಮುಳಾ-ಮುಠಾ ನದಿ ಭೀಮೆಯನ್ನು ಸೇರಿ, ಉಜನಿಯಲ್ಲಿ ನಿಂತು, ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹರಿಯುತ್ತದೆ. ಹಾಗಾಗಿ ಇಲ್ಲಿ ಹೇಳುವ ಮಾತು ಪಾನಶೆತ್‌ನ ಬೋಟ್‌ಗೆ ಎಷ್ಟು ಸಲ್ಲುತ್ತದೆಯೋ ಕಬಿನಿ ಹಿನ್ನೀರಿನ ಬೋಟ್‌ಗೂ ಮಲ್ಪೆಯ ಮೀನುಗಾರಿಕೆ ದೋಣಿಗೂ ಅಷ್ಟೇ ಸಲ್ಲುತ್ತದೆ.

ಮೊದಲು ಗೊತ್ತಿರಬೇಕಾದದ್ದು: ನಿಮ್ಮ ಬೋಟ್‌ನ ಸಹಜ ಅಂಕಿ

ಗೇಜ್ ಓದುವುದೆಂದರೆ ಕೆಂಪು ಗೆರೆ ದಾಟಿದೆಯೇ ಎಂದು ನೋಡುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಕೆಂಪು ಗೆರೆ ಮುಟ್ಟುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ. ಅಲಾರಂ ಕೂಡ ಅಷ್ಟೇ. ಅದು ಮಿತಿ ಮುಟ್ಟಿದ ಮೇಲೆ ಬಡಿಯುತ್ತದೆ, ಮಿತಿಯ ಕಡೆಗೆ ಹೋಗುತ್ತಿರುವುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಮುಳ್ಳಿನ ಚಲನೆ.

ಉದಾಹರಣೆಗೆ ನಿಮ್ಮ ಎಂಜಿನ್ ದಿನವೂ 2,000 ಆರ್‌ಪಿಎಂನಲ್ಲಿ 78 ಡಿಗ್ರಿ ತೋರಿಸುತ್ತದೆ ಎಂದುಕೊಳ್ಳಿ. ಇಂದು ಅದೇ ವೇಗದಲ್ಲಿ, ಅಷ್ಟೇ ಜನ ಇದ್ದಾಗ 85 ತೋರಿಸುತ್ತಿದೆ. 85 ಡಿಗ್ರಿ ಅಪಾಯದ ಅಂಕಿಯಲ್ಲ, ಅಲಾರಂ ಬಡಿಯುವುದಿಲ್ಲ. ಆದರೆ ಏನೋ ಬದಲಾಗಿದೆ. ಆ ಏಳು ಡಿಗ್ರಿಯೇ ನಿಮಗೆ ಸಿಗುವ ಅರ್ಧ ಗಂಟೆಯ ಮುನ್ಸೂಚನೆ ಇರಬಹುದು.

ಹೀಗಾಗಿ ಎಂಜಿನ್ ಆರೋಗ್ಯವಾಗಿರುವಾಗಲೇ ಮೂರು ಸ್ಥಿತಿಯಲ್ಲಿ ಎಲ್ಲ ಗೇಜ್‌ಗಳ ಅಂಕಿ ಬರೆದಿಟ್ಟುಕೊಳ್ಳಿ: ತಣ್ಣಗೆ ಸ್ಟಾರ್ಟ್ ಮಾಡಿದಾಗ, ಬಿಸಿಯಾದ ಮೇಲೆ ಐಡಲ್‌ನಲ್ಲಿ, ದಿನನಿತ್ಯ ಓಡಿಸುವ ವೇಗದಲ್ಲಿ. ಈ ಅಂಕಿಗಳ ಚೀಟಿಯನ್ನು ಡ್ಯಾಶ್‌ಬೋರ್ಡ್ ಪಕ್ಕ ಅಂಟಿಸಿದರೆ ಹೊಸ ಚಾಲಕನಿಗೂ ಉಪಯೋಗ. ಮುಂದೆ ಕೊಟ್ಟಿರುವ ಅಂಕಿಗಳು ಸಾಮಾನ್ಯ ಮಾರ್ಗದರ್ಶನ ಮಾತ್ರ. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ.

ಟ್ಯಾಕೋಮೀಟರ್: ಎಂಜಿನ್ ಎಷ್ಟು ದುಡಿಯುತ್ತಿದೆ?

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಇದು ತೋರಿಸುತ್ತದೆ. ಕಾರಿನಲ್ಲಿ ಇದನ್ನು ನೋಡುವವರು ಕಡಿಮೆ, ಬೋಟ್‌ನಲ್ಲಿ ಇದೇ ಮುಖ್ಯ. ಏಕೆಂದರೆ ಬೋಟ್‌ನ ವೇಗ ಗಾಳಿ, ಹರಿವು, ಭಾರಕ್ಕೆ ತಕ್ಕಂತೆ ಬದಲಾಗುತ್ತದೆ. ಎಂಜಿನ್‌ನ ದುಡಿಮೆಯ ನಿಜವಾದ ಅಳತೆ ಆರ್‌ಪಿಎಂ.

ಪ್ರತಿ ಎಂಜಿನ್‌ಗೂ ಪೂರ್ಣ ಥ್ರಾಟಲ್‌ನಲ್ಲಿ ಮುಟ್ಟಬೇಕಾದ ಆರ್‌ಪಿಎಂ ಇಷ್ಟು ಎಂದು ತಯಾರಕರು ಹೇಳಿರುತ್ತಾರೆ. ಔಟ್‌ಬೋರ್ಡ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 5,000ದಿಂದ 6,000ದ ನಡುವೆ. ಡೀಸೆಲ್ ಇನ್‌ಬೋರ್ಡ್ ಎಂಜಿನ್‌ಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ತಿಂಗಳಿಗೊಮ್ಮೆ ಖಾಲಿ ಜಾಗದಲ್ಲಿ ಕೆಲವು ಕ್ಷಣ ಪೂರ್ಣ ಥ್ರಾಟಲ್ ಕೊಟ್ಟು ನೋಡಿದರೆ ಎಂಜಿನ್‌ನ ಅರ್ಧ ಜಾತಕ ತಿಳಿಯುತ್ತದೆ.

- ಹೇಳಿದ ಅಂಕಿ ಮುಟ್ಟುತ್ತಿಲ್ಲವೇ? ಎಂಜಿನ್ ಮೇಲೆ ಹೊರೆ ಹೆಚ್ಚಾಗಿದೆ. ಜನ ಅಥವಾ ಸಾಮಾನು ಜಾಸ್ತಿ ಇರಬಹುದು, ಬೋಟ್‌ನ ತಳದಲ್ಲಿ ಪಾಚಿ ಕಟ್ಟಿರಬಹುದು, ಪ್ರೊಪೆಲ್ಲರ್‌ಗೆ ಬಲೆ ಅಥವಾ ಕಳೆ ಸುತ್ತಿರಬಹುದು, ಪ್ರೊಪೆಲ್ಲರ್‌ನ ಅಳತೆಯೇ ದೊಡ್ಡದಿರಬಹುದು, ಫ್ಯೂಯೆಲ್ ಫಿಲ್ಟರ್ ಕಟ್ಟಿರಬಹುದು.
- ಅಂಕಿಯನ್ನು ಮೀರಿ ಓಡುತ್ತಿದೆಯೇ? ಪ್ರೊಪೆಲ್ಲರ್ ಚಿಕ್ಕದಿದೆ, ಮುರಿದಿದೆ ಅಥವಾ ಅದರೊಳಗಿನ ರಬ್ಬರ್ ಹಬ್ ಜಾರುತ್ತಿದೆ.
- ಆರ್‌ಪಿಎಂ ಏರಿದರೂ ಬೋಟ್ ಮುಂದೆ ಹೋಗುತ್ತಿಲ್ಲವೇ? ಪ್ರೊಪೆಲ್ಲರ್ ನೀರಿನ ಬದಲು ಗಾಳಿಯನ್ನು ಕಡಿಯುತ್ತಿದೆ ಅಥವಾ ಗೇರ್‌ಬಾಕ್ಸ್ ಕ್ಲಚ್ ಜಾರುತ್ತಿದೆ.

ಇಲ್ಲಿ ಪುಣೆಗೆ ಅನ್ವಯಿಸುವ ಒಂದು ವಿಷಯವಿದೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಕೊಂಕಣ ಕರಾವಳಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಬೋಟ್ ಅನ್ನು ಖರೀದಿಸಿ ಘಟ್ಟ ಹತ್ತಿಸಿ ಪಾನಶೆತ್‌ಗೆ ತಂದರೆ ಶೇ 5ರಿಂದ 6ರಷ್ಟು ಶಕ್ತಿ ಘಟ್ಟದ ಕೆಳಗೇ ಉಳಿಯಿತು ಎಂದರ್ಥ. ಪೂರ್ಣ ಥ್ರಾಟಲ್‌ನಲ್ಲಿ ಆರ್‌ಪಿಎಂ ಮೊದಲಿಗಿಂತ ಕಡಿಮೆ ಬರುತ್ತದೆ. ಎಂಜಿನ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಪ್ರೊಪೆಲ್ಲರ್ ಪಿಚ್ ಕಡಿಮೆ ಮಾಡಿ ನೋಡುವುದು ಜಾಣತನ. ಬೆಂಗಳೂರು ಇನ್ನೂ ಎತ್ತರದಲ್ಲಿದೆ, ಅಲ್ಲಿನ ಸುತ್ತಮುತ್ತಲಿನ ಕೆರೆಗಳಿಗೂ ಈ ಲೆಕ್ಕ ಅನ್ವಯ.

ಆಯಿಲ್ ಪ್ರೆಷರ್: ಕ್ಷಣಗಳ ಲೆಕ್ಕದ ಗೇಜ್

ಎಂಜಿನ್ ಒಳಗಿನ ಬೇರಿಂಗ್‌ಗಳು ಒಂದಕ್ಕೊಂದು ತಾಗದೆ ತಿರುಗುವುದು ಆಯಿಲ್‌ನ ತೆಳುವಾದ ಪದರದ ಮೇಲೆ. ಆ ಪದರವನ್ನು ಉಳಿಸುವುದು ಆಯಿಲ್ ಪಂಪ್‌ನ ಒತ್ತಡ. ಒತ್ತಡ ಹೋದರೆ ಎಂಜಿನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ.

ಈ ಗೇಜ್‌ನ ಸಹಜ ನಡವಳಿಕೆ ಹೀಗಿರುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಆಯಿಲ್ ದಪ್ಪಗಿರುವುದರಿಂದ ಮುಳ್ಳು ಮೇಲೆ ಹೋಗುತ್ತದೆ. ಎಂಜಿನ್ ಬಿಸಿಯಾದಂತೆ ಸ್ವಲ್ಪ ಇಳಿಯುತ್ತದೆ. ಐಡಲ್‌ನಲ್ಲಿ ಇನ್ನೂ ಕೆಳಗೆ ಬರುತ್ತದೆ. ಥ್ರಾಟಲ್ ಕೊಟ್ಟಾಗ ಮತ್ತೆ ಏರುತ್ತದೆ. ಓಡುವಾಗ ಅನೇಕ ಎಂಜಿನ್‌ಗಳಲ್ಲಿ 2ರಿಂದ 5 ಬಾರ್, ಅಂದರೆ ಸುಮಾರು 30ರಿಂದ 70 ಪಿಎಸ್‌ಐ ಇರುತ್ತದೆ. ಪ್ರತಿ 1,000 ಆರ್‌ಪಿಎಂಗೆ ಕನಿಷ್ಠ 10 ಪಿಎಸ್‌ಐ ಇರಬೇಕು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ.

ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಮುಳ್ಳು ಏಳದಿದ್ದರೆ ಎಂಜಿನ್ ಆಫ್ ಮಾಡಿ. ಓಡುವಾಗ ಒಮ್ಮೆಲೇ ಬಿದ್ದರೂ ಅಷ್ಟೇ. ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಾ ಬಂದರೆ ಬೇರಿಂಗ್ ಸವೆದಿರುವ ಅಥವಾ ಆಯಿಲ್‌ಗೆ ಡೀಸೆಲ್ ಸೇರುತ್ತಿರುವ ಸೂಚನೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿದಿದ್ದರೆ ಮಾತ್ರ ಚಿಂತೆ ಎಂದುಕೊಳ್ಳಬೇಡಿ. ಮಟ್ಟ ಏರಿದ್ದರೂ ಚಿಂತೆಯೇ, ಏಕೆಂದರೆ ನೀರೋ ಡೀಸೆಲ್ಲೋ ಒಳಗೆ ಸೇರಿದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿರುವುದು ಖಚಿತ.

ಟೆಂಪರೇಚರ್ ಗೇಜ್: ಜಲಪರ್ಣಿ ಮತ್ತು ಪ್ಲಾಸ್ಟಿಕ್ ಚೀಲದ ಕಾಟ

ಕಾರಿನಲ್ಲಿ ರೇಡಿಯೇಟರ್‌ಗೆ ಗಾಳಿ ಬಡಿದು ಎಂಜಿನ್ ತಣ್ಣಗಾಗುತ್ತದೆ. ಹೆಚ್ಚಿನ ಬೋಟ್‌ಗಳಲ್ಲಿ ಆ ಕೆಲಸ ಮಾಡುವುದು ಹೊರಗಿನ ನೀರು. ತಳದಲ್ಲಿರುವ ತೂತಿನಿಂದ ರಬ್ಬರ್ ಇಂಪೆಲ್ಲರ್ ಇರುವ ಪಂಪ್ ನೀರನ್ನು ಎಳೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಆ ನೀರೇ ನೇರವಾಗಿ ಎಂಜಿನ್ ಸುತ್ತುತ್ತದೆ. ಇನ್ನು ಕೆಲವದರಲ್ಲಿ ಒಳಗಿನ ಕೂಲೆಂಟ್ ಅನ್ನು ತಣ್ಣಗಾಗಿಸಿ ಹೊರಹೋಗುತ್ತದೆ. ಕೂಲೆಂಟ್ ಇರುವ ಡೀಸೆಲ್ ಎಂಜಿನ್‌ಗಳು ಸಾಮಾನ್ಯವಾಗಿ 75ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡುತ್ತವೆ. ಸಮುದ್ರದ ನೀರನ್ನೇ ನೇರವಾಗಿ ಬಳಸುವ ಎಂಜಿನ್‌ಗಳನ್ನು ಅದಕ್ಕಿಂತ ತಂಪಾಗಿ ಓಡಿಸುತ್ತಾರೆ. ಹೆಚ್ಚು ಬಿಸಿಯಾದರೆ ಉಪ್ಪು ಒಳಗೇ ಗಟ್ಟಿಯಾಗಿ ದಾರಿ ಕಟ್ಟುತ್ತದೆ.

ಒಳನಾಡಿನಲ್ಲಿ ಉಪ್ಪಿನ ಸಮಸ್ಯೆಯಿಲ್ಲ, ಕಸದ ಸಮಸ್ಯೆಯಿದೆ. ಪುಣೆಯ ನದಿಗಳ ಮೇಲೆ ಹಸಿರು ಚಾಪೆಯಂತೆ ಹರಡುವ ಜಲಕಳೆಯನ್ನು ಮರಾಠಿಯಲ್ಲಿ ಜಲಪರ್ಣಿ ಎನ್ನುತ್ತಾರೆ. ಇದರ ಬೇರು, ತೇಲುವ ಪ್ಲಾಸ್ಟಿಕ್ ಚೀಲ, ಹರಿದ ಬಲೆಯ ತುಂಡು ಇವು ನೀರೆಳೆಯುವ ಬಾಯಿಗೆ ಅಂಟಿಕೊಂಡರೆ ಮುಳ್ಳು ಏರತೊಡಗುತ್ತದೆ. ನೀರಿಲ್ಲದೆ ತಿರುಗಿದ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಹರಿದುಹೋಗುತ್ತದೆ. ಆಮೇಲೆ ಕಸ ತೆಗೆದರೂ ಪ್ರಯೋಜನವಿಲ್ಲ.

ಮುಳ್ಳು ಏರುವುದು ಕಂಡ ತಕ್ಷಣ ಮಾಡಬೇಕಾದದ್ದು:

- ಥ್ರಾಟಲ್ ಇಳಿಸಿ, ನ್ಯೂಟ್ರಲ್‌ಗೆ ತನ್ನಿ.
- ಔಟ್‌ಬೋರ್ಡ್ ಆದರೆ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಇನ್‌ಬೋರ್ಡ್ ಆದರೆ ಸೈಲೆನ್ಸರ್ ಪೈಪ್‌ನಿಂದ ಹೊಗೆಯ ಜೊತೆ ನೀರು ಬರುತ್ತಿದೆಯೇ ನೋಡಿ.
- ನೀರು ಬರುತ್ತಿಲ್ಲ ಎಂದಾದರೆ ಎಂಜಿನ್ ನಿಲ್ಲಿಸಿ. ಔಟ್‌ಬೋರ್ಡ್ ಅನ್ನು ಮೇಲಕ್ಕೆ ಓರೆ ಮಾಡಿ ಕಸ ತೆಗೆಯಿರಿ, ಇನ್‌ಬೋರ್ಡ್ ಆದರೆ ನೀರಿನ ಜಾಲರಿ ಸ್ವಚ್ಛ ಮಾಡಿ.
- ಬಿಸಿ ಎಂಜಿನ್‌ನ ಕೂಲೆಂಟ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಮುಳ್ಳು ಮೇಲಕ್ಕೇ ಏರದೆ ಸದಾ ತಣ್ಣಗಿದ್ದರೂ ಒಳ್ಳೆಯದಲ್ಲ. ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎಂದರ್ಥ. ತಣ್ಣಗೇ ಓಡುವ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ.

ವೋಲ್ಟ್‌ಮೀಟರ್: ನಿಲ್ಲಿಸಬೇಡಿ ಎನ್ನುವ ಗೇಜ್

12 ವೋಲ್ಟ್ ವ್ಯವಸ್ಥೆಯಲ್ಲಿ ಎಂಜಿನ್ ಆಫ್ ಇರುವಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಚಾರ್ಜ್ ಮಾಡುವುದರಿಂದ 13.8ರಿಂದ 14.4 ಇರಬೇಕು. 24 ವೋಲ್ಟ್ ವ್ಯವಸ್ಥೆಯಾದರೆ ಎರಡರಷ್ಟು.

ಎಂಜಿನ್ ಓಡುತ್ತಿದ್ದರೂ 12.5ರ ಹತ್ತಿರವೇ ಇದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ. ಚಾರ್ಜ್ ಆಗದಿರುವುದು ಕಂಡಾಗ ಅನೇಕರು ಮಾಡುವ ತಪ್ಪೆಂದರೆ ಎಂಜಿನ್ ನಿಲ್ಲಿಸಿ ನೋಡೋಣ ಎನ್ನುವುದು. ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು. ಟೆಂಪರೇಚರ್ ಮತ್ತು ಆಯಿಲ್ ಪ್ರೆಷರ್ ಸರಿಯಿದ್ದರೆ ಎಂಜಿನ್ ಓಡುತ್ತಿರಲಿ. ಮ್ಯೂಸಿಕ್ ಸಿಸ್ಟಂ, ಬೇಡದ ಲೈಟ್ ಎಲ್ಲ ಆಫ್ ಮಾಡಿ ನೇರವಾಗಿ ದಡಕ್ಕೆ ಬನ್ನಿ. ಎಲೆಕ್ಟ್ರಾನಿಕ್ ನಿಯಂತ್ರಣದ ಹೊಸ ಎಂಜಿನ್‌ಗಳು ವೋಲ್ಟ್ ತೀರಾ ಇಳಿದರೆ ತಾವಾಗಿಯೇ ನಿಲ್ಲುತ್ತವೆ. ಆದ್ದರಿಂದ ತಡ ಮಾಡಬೇಡಿ.

ಇಂಧನ ಮತ್ತು ಅವರ್ ಮೀಟರ್

ಬೋಟ್‌ನ ಫ್ಯೂಯೆಲ್ ಗೇಜ್ ಅನ್ನು ಪೂರ್ತಿ ನಂಬುವವರಿಲ್ಲ. ಟ್ಯಾಂಕ್‌ನ ಆಕಾರ ತಳಕ್ಕೆ ತಕ್ಕಂತೆ ಓರೆಯಾಗಿರುತ್ತದೆ. ಹೀಗಾಗಿ ಮುಳ್ಳು ಅರ್ಧದಲ್ಲಿದೆ ಎಂದರೆ ಅರ್ಧ ಟ್ಯಾಂಕ್ ಇಂಧನವಿದೆ ಎಂದು ಹೇಳಲಾಗದು. ಓಡುವಾಗ ಮೂತಿ ಮೇಲೆದ್ದರೆ ಇಂಧನ ಹಿಂದಕ್ಕೆ ಹರಿದು ಮುಳ್ಳು ಬೇರೆ ಅಂಕಿ ತೋರಿಸುತ್ತದೆ. ಬೋಟ್ ಸಮತಟ್ಟಾಗಿ ನಿಂತಾಗ ಮಾತ್ರ ಓದಿ. ಹೋಗಲು ಮೂರನೇ ಒಂದು ಭಾಗ, ಬರಲು ಮೂರನೇ ಒಂದು ಭಾಗ, ಉಳಿದದ್ದು ಆಪತ್ತಿಗೆ ಎಂಬ ಲೆಕ್ಕ ಜಗತ್ತಿನೆಲ್ಲೆಡೆ ಇದೆ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಾದರೆ ಈ ಮೂರನೇ ಭಾಗದ ಬೆಲೆ ತಿಳಿಯುತ್ತದೆ.

ಬೋಟ್‌ಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಅವರ್ ಮೀಟರ್ ತೋರಿಸುವುದು ಎಂಜಿನ್ ಇಲ್ಲಿಯವರೆಗೆ ಓಡಿದ ಒಟ್ಟು ಗಂಟೆ. ಔಟ್‌ಬೋರ್ಡ್‌ಗಳಿಗೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಸರ್ವಿಸ್ ಮಾಡಿಸಬೇಕು. ಹಳೆಯ ಬೋಟ್ ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಮೀಟರ್ ನೋಡಬೇಕು. ಬೋಟ್ ದಿನವೂ ಓಡುತ್ತಿದ್ದರೂ ಅವರ್ ಮೀಟರ್‌ನಲ್ಲಿ ಗಂಟೆ ತೀರಾ ಕಡಿಮೆ ಇದ್ದರೆ ಮೀಟರ್ ಬದಲಾಗಿದೆಯೇ ಎಂದು ಕೇಳಿ.

ಇವಲ್ಲದೆ ಕೆಲವು ಬೋಟ್‌ಗಳಲ್ಲಿ ಎಂಜಿನ್‌ನ ಓರೆ ತೋರಿಸುವ ಟ್ರಿಮ್ ಗೇಜ್, ಗೇರ್‌ಬಾಕ್ಸ್ ಆಯಿಲ್ ಪ್ರೆಷರ್, ಟರ್ಬೊ ಬೂಸ್ಟ್ ಗೇಜ್‌ಗಳೂ ಇರುತ್ತವೆ. ಓದುವ ವಿಧಾನ ಒಂದೇ: ನಿತ್ಯದ ಅಂಕಿ ಯಾವುದು, ಇಂದು ಎಷ್ಟು ಬದಲಾಗಿದೆ?

ಒಂದು ಮುಳ್ಳಲ್ಲ, ಎಲ್ಲವನ್ನೂ ಸೇರಿಸಿ ಓದಿ

ಅನುಭವಿ ಚಾಲಕರು ಗೇಜ್‌ಗಳನ್ನು ಒಂದೊಂದಾಗಿ ಅಲ್ಲ, ಗುಂಪಾಗಿ ನೋಡುತ್ತಾರೆ. ಕೆಲವು ಜೋಡಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ರೋಗ ಅಲ್ಲೇ ಪತ್ತೆಯಾಗುತ್ತದೆ.

- ಟ್ಯಾಕೋಮೀಟರ್ ಸೊನ್ನೆಗೆ ಬಿತ್ತು, ವೋಲ್ಟ್ ಇಳಿಯಿತು, ಆದರೆ ಎಂಜಿನ್ ಸದ್ದು ಬದಲಾಗಿಲ್ಲ: ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಟ್ಯಾಕೋಮೀಟರ್‌ಗೆ ಸಿಗ್ನಲ್ ಬರುವುದು ಆಲ್ಟರ್ನೇಟರ್‌ನಿಂದ. ಬೆಲ್ಟ್ ಜಾರಿದೆ ಅಥವಾ ತುಂಡಾಗಿದೆ. ಅದೇ ಬೆಲ್ಟ್ ಕೂಲೆಂಟ್ ಪಂಪ್ ಅನ್ನೂ ತಿರುಗಿಸುತ್ತಿದ್ದರೆ ಮುಂದಿನ ಸರದಿ ಟೆಂಪರೇಚರ್‌ನದು. ಎಂಜಿನ್ ಓಡಲಿ ಎಂಬ ನಿಯಮ ಈಗ ಅನ್ವಯಿಸುವುದಿಲ್ಲ.
- ಥ್ರಾಟಲ್ ಹಾಗೇ ಇದೆ, ಆರ್‌ಪಿಎಂ ಇಳಿಯುತ್ತಿದೆ, ಟೆಂಪರೇಚರ್ ನಿಧಾನವಾಗಿ ಏರುತ್ತಿದೆ: ಪ್ರೊಪೆಲ್ಲರ್‌ಗೆ ಏನೋ ಸುತ್ತಿಕೊಂಡಿದೆ.
- ಆರ್‌ಪಿಎಂ ಹಾಗೇ ಇದೆ, ಟೆಂಪರೇಚರ್ ಬೇಗ ಏರುತ್ತಿದೆ: ತಣ್ಣೀರಿನ ದಾರಿ ಕಟ್ಟಿದೆ.
- ಟೆಂಪರೇಚರ್ ಏರಿದಂತೆ ಆಯಿಲ್ ಪ್ರೆಷರ್ ಇಳಿಯುತ್ತಿದೆ: ಆಯಿಲ್ ಬಿಸಿಯಾಗಿ ತೆಳುವಾಗುತ್ತಿದೆ. ಇನ್ನು ಕಾಯುವಂತಿಲ್ಲ.
- ಎಲ್ಲ ಮುಳ್ಳುಗಳೂ ಒಂದೇ ಸಲ ಬಿದ್ದವು ಅಥವಾ ಕುಣಿಯುತ್ತಿವೆ: ಎಂಜಿನ್‌ನ ಎಲ್ಲ ಭಾಗವೂ ಒಂದೇ ಕ್ಷಣದಲ್ಲಿ ಕೆಡುವುದಿಲ್ಲ. ವೈರ್, ಫ್ಯೂಸ್ ಅಥವಾ ಅರ್ಥಿಂಗ್ ಸಡಿಲವಾಗಿದೆ.

ಗೇಜ್ ಸುಳ್ಳು ಹೇಳಿದರೆ?

ಗೇಜ್ ಕೂಡ ಒಂದು ಯಂತ್ರ, ಅದೂ ಕೆಡುತ್ತದೆ. ಹಳೆಯ ಕಾಲದ ಪ್ರೆಷರ್ ಗೇಜ್‌ಗಳಲ್ಲಿ ಬಾಗಿದ ತಾಮ್ರ ಮಿಶ್ರಲೋಹದ ಕೊಳವೆ ಒತ್ತಡಕ್ಕೆ ನೆಟ್ಟಗಾಗಲು ಹೋಗಿ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸ್‌ನ ಯೂಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಈಗಿನ ಹೆಚ್ಚಿನ ಗೇಜ್‌ಗಳು ವಿದ್ಯುತ್ತಿನವು. ಎಂಜಿನ್‌ನಲ್ಲಿರುವ ಸೆಂಡರ್ ತನ್ನ ರೆಸಿಸ್ಟನ್ಸ್ ಬದಲಿಸುತ್ತದೆ, ಗೇಜ್ ಅದನ್ನು ಅಂಕಿಯಾಗಿ ತೋರಿಸುತ್ತದೆ.

ಇಲ್ಲಿ ಒಂದು ತೊಡಕಿದೆ. ಅಮೆರಿಕ ಮಾದರಿಯ ಫ್ಯೂಯೆಲ್ ಸೆಂಡರ್‌ಗಳು 240ರಿಂದ 33 ಓಮ್, ಯುರೋಪ್ ಮಾದರಿಯವು 10ರಿಂದ 180 ಓಮ್ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಒಂದು ಮಾದರಿಯ ಗೇಜ್‌ಗೆ ಇನ್ನೊಂದರ ಸೆಂಡರ್ ಜೋಡಿಸಿದರೆ ಮುಳ್ಳು ತಲೆಕೆಳಗಾದ ಅಂಕಿ ತೋರಿಸುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಿಡಿಯಾಗಿ ಗೇಜ್ ಬದಲಿಸುವವರು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಅಪಾಯಕಾರಿ ಸುಳ್ಳು ಟೆಂಪರೇಚರ್ ಗೇಜ್‌ನದು. ಅದರ ಸೆಂಡರ್ ಕೂಲೆಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಅಂಕಿ ಕೊಡುತ್ತದೆ. ಪೈಪ್ ಒಡೆದು ಕೂಲೆಂಟ್ ಪೂರ್ತಿ ಸೋರಿಹೋದರೆ ಸೆಂಡರ್ ಬರೀ ಗಾಳಿ ಅಥವಾ ಹಬೆಯಲ್ಲಿ ಉಳಿಯುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಏರುತ್ತಿದ್ದ ಮುಳ್ಳು ಒಮ್ಮೆಲೇ ಇಳಿದರೆ ನಿಟ್ಟುಸಿರು ಬಿಡಬೇಡಿ. ಮೂಗಿಗೆ ಬರುವ ಸುಟ್ಟ ವಾಸನೆ, ಕಿವಿಗೆ ಬೀಳುವ ಸದ್ದು, ಹಿಂದೆ ಚಿಮ್ಮುವ ನೀರು ಇವೂ ಗೇಜ್‌ಗಳೇ.

ಯಾವ ಎಚ್ಚರಿಕೆಗೆ ಎಷ್ಟು ಸಮಯ?

- ಆಯಿಲ್ ಪ್ರೆಷರ್ ಬಿದ್ದರೆ: ಕೆಲವೇ ಸೆಕೆಂಡು. ಮೊದಲು ಎಂಜಿನ್ ನಿಲ್ಲಿಸಿ, ನಂತರ ಡಿಪ್‌ಸ್ಟಿಕ್ ನೋಡಿ.
- ಟೆಂಪರೇಚರ್ ಏರಿದರೆ: ಒಂದೆರಡು ನಿಮಿಷ. ವೇಗ ಇಳಿಸಿ, ನೀರು ಬರುತ್ತಿದೆಯೇ ನೋಡಿ, ನಂತರ ನಿರ್ಧರಿಸಿ.
- ಆರ್‌ಪಿಎಂ ಇಳಿದರೆ: ಥ್ರಾಟಲ್ ಹೆಚ್ಚಿಸಬೇಡಿ. ನ್ಯೂಟ್ರಲ್ ಮಾಡಿ, ಎಂಜಿನ್ ನಿಲ್ಲಿಸಿದ ನಂತರವೇ ಪ್ರೊಪೆಲ್ಲರ್ ಮುಟ್ಟಿ.
- ವೋಲ್ಟ್ ಇಳಿದರೆ: ದಡ ಸೇರುವಷ್ಟು ಸಮಯವಿರುತ್ತದೆ. ಎಂಜಿನ್ ನಿಲ್ಲಿಸದೆ ಹಿಂದಿರುಗಿ.
- ಇಂಧನ ಮೂರನೇ ಒಂದಕ್ಕೆ ಬಂದರೆ: ಸವಾರಿ ಮುಗಿದಂತೆ.

ಎಂಜಿನ್ ನಿಲ್ಲಿಸುವುದು ಎಂಜಿನ್‌ಗೆ ಒಳ್ಳೆಯದು, ಬೋಟ್‌ಗೆ ಒಳ್ಳೆಯದೇ ಎಂಬುದನ್ನೂ ಯೋಚಿಸಬೇಕು. ಹತ್ತಿರದಲ್ಲಿ ಅಣೆಕಟ್ಟೆಯ ಗೇಟ್, ಬಂಡೆ ಅಥವಾ ಬಲವಾದ ಹರಿವು ಇದ್ದರೆ ಉಳಿದ ಶಕ್ತಿಯಲ್ಲಿ ಅಲ್ಲಿಂದ ದೂರ ಸರಿದು ಲಂಗರು ಹಾಕಿ. ಎಂಜಿನ್ ಹಾಳಾದರೆ ಕೊಳ್ಳಬಹುದು. ಮುಂದಿನ ತುದಿಯಿಂದ ಲಂಗರು ಬಿಟ್ಟರೆ ಬೋಟ್‌ನ ಮೂತಿ ಗಾಳಿಗೆ ಎದುರಾಗಿ ನಿಲ್ಲುತ್ತದೆ, ಅಲೆಗೆ ಅಡ್ಡ ತಿರುಗುವುದಿಲ್ಲ. ಹೀಗಾಗಿ ಲಂಗರು ಮತ್ತು ಹಗ್ಗ ಸದಾ ಕೈಗೆ ಸಿಗುವಂತಿರಲಿ.

ದಿನವೂ ಪಾಲಿಸಬೇಕಾದ ಕ್ರಮ

1. ಕೀ ಆನ್ ಮಾಡಿ, ಸ್ಟಾರ್ಟ್ ಮಾಡುವ ಮೊದಲು ಎಚ್ಚರಿಕೆ ದೀಪ ಮತ್ತು ಬಜರ್ ಕೆಲಸ ಮಾಡುತ್ತಿವೆಯೇ ನೋಡಿ. ಬಜರ್ ಕೆಟ್ಟಿರುವ ಬೋಟ್‌ನಲ್ಲಿ ಮೌನವೆಂದರೆ ಸುರಕ್ಷತೆಯಲ್ಲ.
2. ಸ್ಟಾರ್ಟ್ ಆದ ಕೂಡಲೇ ಮೊದಲ ನೋಟ ಆಯಿಲ್ ಪ್ರೆಷರ್ ಮೇಲೆ, ಎರಡನೆಯದು ಹಿಂದೆ ಚಿಮ್ಮುವ ನೀರಿನ ಮೇಲೆ, ಮೂರನೆಯದು ವೋಲ್ಟ್ ಮೇಲೆ.
3. ಎಂಜಿನ್ ಬಿಸಿಯಾಗುವವರೆಗೆ ಪೂರ್ಣ ಥ್ರಾಟಲ್ ಕೊಡಬೇಡಿ.
4. ಓಡುವಾಗ ಕೆಲವು ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಎಲ್ಲ ಗೇಜ್‌ಗಳ ಮೇಲೆ ಕಣ್ಣಾಡಿಸಿ. ಕಣ್ಣು ಹೆಚ್ಚು ಹೊತ್ತು ನೀರಿನ ಮೇಲೇ ಇರಲಿ.
5. ದಿನಕ್ಕೊಮ್ಮೆ ಅವರ್ ಮೀಟರ್, ಆರ್‌ಪಿಎಂ, ಟೆಂಪರೇಚರ್, ಆಯಿಲ್ ಪ್ರೆಷರ್, ವೋಲ್ಟ್ ಇಷ್ಟನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಹಡಗಿನ ಎಂಜಿನ್ ರೂಮ್‌ನಲ್ಲಿ ಇದನ್ನು ಗಂಟೆಗೊಮ್ಮೆ ಬರೆಯುತ್ತಾರೆ. ಹಾಳೆ ತಿರುವಿದಾಗ ನಿಧಾನದ ಬದಲಾವಣೆ ತಾನಾಗಿಯೇ ಕಾಣುತ್ತದೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ದೋಣಿಗಳ ಎಂಜಿನ್ ಕೆಲಸ ನಡೆಯುವುದು ಆಗಲೇ. ಗೇಜ್, ಸೆಂಡರ್, ಇಂಪೆಲ್ಲರ್ ಬದಲಿಸಲು ಅದು ಸರಿಯಾದ ಸಮಯ. ಆಗಸ್ಟ್‌ನಲ್ಲಿ ಕಡಲಿಗಿಳಿದ ಮೇಲೆ ತಾಂಡೇಲನ ಕೈಯಲ್ಲಿ ಉಳಿಯುವುದು ಮುಳ್ಳು ನೋಡುವ ಕೆಲಸ ಮಾತ್ರ.

ಪ್ರಯಾಣಿಕರು ಏನು ನೋಡಬಹುದು?

ಬೋಟ್ ನಡೆಸದವರಿಗೂ ಈ ಮಾಹಿತಿ ಉಪಯುಕ್ತ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದಿರುವ ಒಳನಾಡು ನೌಕೆಗಳ ಕಾಯ್ದೆ, 2021ರ ಪ್ರಕಾರ ಎಂಜಿನ್‌ನಿಂದ ಓಡುವ ಒಳನಾಡು ನೌಕೆಗಳಿಗೆ ನೋಂದಣಿ ಮತ್ತು ಸರ್ವೆ ಪ್ರಮಾಣಪತ್ರದ ವ್ಯವಸ್ಥೆಯಿದೆ. ಟಿಕೆಟ್ ಕೊಳ್ಳುವ ಮೊದಲು ನೋಂದಣಿ ಸಂಖ್ಯೆ ಬರೆದಿದೆಯೇ, ಲೈಫ್ ಜಾಕೆಟ್ ಕೊಡುತ್ತಾರೆಯೇ, ಎಷ್ಟು ಜನರನ್ನು ಹತ್ತಿಸುತ್ತಿದ್ದಾರೆ ಎಂದು ನೋಡಿ. ಹತ್ತಿದ ಮೇಲೆ ಒಮ್ಮೆ ಡ್ಯಾಶ್‌ಬೋರ್ಡ್ ಕಡೆ ಕಣ್ಣು ಹಾಯಿಸಿ. ಎಂಜಿನ್ ಓಡುತ್ತಿದ್ದರೂ ಎಲ್ಲ ಮುಳ್ಳು ಸೊನ್ನೆಯಲ್ಲೇ ಮಲಗಿವೆಯೇ? ಗಾಜಿನೊಳಗೆ ನೀರು ತುಂಬಿ ಅಂಕಿಯೇ ಕಾಣದಂತಾಗಿದೆಯೇ? ಗೇಜ್ ಇರಬೇಕಾದ ಜಾಗದಲ್ಲಿ ಬರೀ ತೂತಿದೆಯೇ? ಹಾಗಿದ್ದರೆ ಆ ಎಂಜಿನ್‌ನ ಸ್ಥಿತಿ ಅದನ್ನು ಓಡಿಸುವವರಿಗೂ ತಿಳಿದಿಲ್ಲ. ಅಂಥ ಬೋಟ್ ಹತ್ತದಿರುವುದೇ ಲೇಸು.

ಬೋಟ್ ಮಾಲೀಕರಿಗೆ ಒಂದು ಮಾತು. ಕೆಟ್ಟ ಗೇಜ್ ಬದಲಿಸುವ ಖರ್ಚು ಹಿಡಿದುಕೊಂಡ ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಏನೂ ಅಲ್ಲ. ಹಿನ್ನೀರಿನ ನಡುವೆ, ಸಂಜೆ ಗಾಳಿ ಎದ್ದಾಗ, ಮಕ್ಕಳು ಕೂತಿರುವ ಬೋಟ್‌ನಲ್ಲಿ ಎಂಜಿನ್ ನಿಂತರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಲಾಗದು. ಮುಂದಿನ ಸಲ ಕೀ ತಿರುಗಿಸುವಾಗ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ. ನಿನ್ನೆ ಎಲ್ಲಿತ್ತು ಎಂಬುದೂ ನೆನಪಿರಲಿ.